ಹೊಳೆ ಬಂದಾಗ ಗಡ್ಡಿಯ ಸಂಸಾರ

ಯಾದಗಿರಿ ತಾಲ್ಲೂಕಿನ ಬಳಿಚಕ್ರದಿಂದ ಶಹಾಪುರ, ಸುರಪುರದವರೆಗಿನ ಸೀಮೆಯಲ್ಲಿ ಭೀಮೆಯೂ ಕೃಷ್ಣೆಯೂ ಹರಿಯುತ್ತವೆ. ಇಲ್ಲಿ ಹೊಳೆ ದಾಟಿಸುತ್ತ ಬಂದದ್ದು ಹರಿಗೋಲು. ಅದರಲ್ಲಿ ಆಚೆ ದಡ ಸೇರಬಹುದು, ಒಲೆ ಹೂಡಿ ಬಾಳ್ವೆ ಮಾಡಲಾಗದು. ಆದರೂ ಬಿರುಗಾಳಿಗೆ ಲಂಗರು ಹಾಕಿ ನಿಂತ ಹಡಗಿನೊಳಗೆ ಸಿಕ್ಕಿಕೊಂಡ ಸಂಸಾರದಂಥ ಪಾಡು ಈ ಸೀಮೆಗೆ ಹೊಸದೇನಲ್ಲ. ಸುರಪುರ ತಾಲ್ಲೂಕಿನ ಕಕ್ಕೇರಾ ಬಳಿಯ ನೀಲಕಂಠರಾಯನಗಡ್ಡಿ ಎಂಬ ನಡುಗಡ್ಡೆಯ ಮನೆಗಳು ಕೃಷ್ಣೆ ತುಂಬಿದಾಗಲೆಲ್ಲ ಅದನ್ನು ಉಂಡಿವೆ. ಸುತ್ತ ಕೆಂಪು ನೀರು, ನಡುವೆ ಮನೆ, ಮಕ್ಕಳು, ದನಕರು. ಮನೆ ಮುಳುಗುವುದಿಲ್ಲ, ದಡ ಮಾತ್ರ ಕೈಗೆ ಸಿಗದಷ್ಟು ದೂರವಾಗುತ್ತದೆ. ಈ ದೂರವನ್ನು ಪ್ರಕೃತಿಯ ಲೆಕ್ಕಕ್ಕೆ ಬರೆದು ಸುಮ್ಮನಾಗುವುದು ನಮ್ಮ ರೂಢಿ. ಹರಿಗೋಲಿನ ಚರಿತ್ರೆಯನ್ನು ನೋಡಿದರೆ ಅದರಲ್ಲಿ ದೊಡ್ಡ ಪಾಲು ಮನುಷ್ಯರು ಮಾಡಿದ್ದು ಎಂದೇ ನನಗೆ ಅನಿಸುತ್ತದೆ.

ಹರಿಗೋಲನ್ನು ಬಡವರ ಗತಿಗೇಡಿನ ಸಾಧನವೆಂದು ಕಾಣುವುದು ಇತ್ತೀಚಿನ ದೃಷ್ಟಿ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಆನೆಗೊಂದಿಯ ಬಳಿ ಬುಟ್ಟಿಯಂತೆ ದುಂಡಗಿನ, ಹೊರಗೆ ಚರ್ಮ ಹೊದಿಸಿದ ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಒಂದೊಂದರಲ್ಲಿ ಹದಿನೈದು ಇಪ್ಪತ್ತು ಜನ ಹಿಡಿಯುತ್ತಿದ್ದರು, ಬೇಕಾದರೆ ಕುದುರೆ, ಎತ್ತುಗಳೂ ದಾಟುತ್ತಿದ್ದವು. ಹೊಳೆಗಳಿರುವ ಕಡೆಯಲ್ಲೆಲ್ಲ ಈ ರಾಜ್ಯದಲ್ಲಿ ಇವೇ ದೋಣಿಗಳು ಎಂದೂ ಅವನು ಹೇಳುತ್ತಾನೆ. ಟೈಗ್ರಿಸ್ ನದಿಯ ಜನ ಇಂಥದ್ದೇ ದುಂಡು ದೋಣಿಯನ್ನು ಬಳಸುತ್ತಿದ್ದರು. ಬಂಡೆ, ಮಡು, ಸೆಳವು ತುಂಬಿದ ಹೊಳೆಗೆ ಅದು ತಕ್ಕ ರಚನೆ: ಬಿದಿರಿನ ಹೆಣಿಗೆ ಬಂಡೆಗೆ ತಾಗಿದರೆ ಬಾಗುತ್ತದೆ, ಚಪ್ಪಟೆ ತಳ ಆಳವಿಲ್ಲದ ನೀರಲ್ಲೂ ತೇಲುತ್ತದೆ, ಕೆಲಸ ಮುಗಿದ ಮೇಲೆ ಸಣ್ಣ ಹರಿಗೋಲನ್ನು ಒಬ್ಬನೇ ತಲೆಯ ಮೇಲೆ ಹೊತ್ತು ಒಯ್ಯಬಹುದು. ಚರ್ಮದ ಜಾಗಕ್ಕೆ ಡಾಂಬರು ಬಳಿದ ಗೋಣಿ, ಪ್ಲಾಸ್ಟಿಕ್ ಹಾಳೆ, ಕೊನೆಗೆ ಫೈಬರ್ ಬಂದರೂ ಆಕಾರ ಬದಲಾಗಲಿಲ್ಲ. ಹುಟ್ಟು ಹಾಕುವವನ ವಿದ್ಯೆಯೂ ಸಣ್ಣದಲ್ಲ. ಹನ್ನೆರಡನೆಯ ಶತಮಾನದ ಶರಣರ ನಡುವೆ ಅಂಬಿಗರ ಚೌಡಯ್ಯ ತನ್ನ ಕಾಯಕವನ್ನು ಹೆಸರಿನಲ್ಲೇ ಹೊತ್ತು ನಿಂತವನು.

ಪ್ರಭುತ್ವಕ್ಕೂ ಹೊಳೆ ದಾಟುವ ವಿದ್ಯೆಯ ಬೆಲೆ ಗೊತ್ತಿತ್ತು. ಕೃಷ್ಣೆಯನ್ನು ಎಲ್ಲಿ ದಾಟುವುದು ಎಂಬ ಪ್ರಶ್ನೆ ದಖನ್ನಿನ ಯುದ್ಧಗಳ ಹಣೆಬರಹವನ್ನೇ ಬರೆದಿದೆ. 1565ರ ತಾಳಿಕೋಟೆ ಕದನಕ್ಕೆ ಮುನ್ನ ಸುಲ್ತಾನರ ಸೇನೆ ಬೇರೆಡೆ ದಾಟುವಂತೆ ನಟಿಸಿ, ಮರಳಿ ಬಂದು ಇಂಗಳಗಿಯ ಹಾಯ್ಗಡದಲ್ಲಿ ಹೊಳೆ ದಾಟಿತು. 1803ರಲ್ಲಿ ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿ ಪುಣೆಯ ಕಡೆಗೆ ದಂಡೆತ್ತಿ ಹೋದಾಗ, ಮಳೆಗಾಲದಲ್ಲಿ ಬೆನ್ನ ಹಿಂದಿನ ದಾರಿ ಕಡಿದುಹೋಗಬಾರದೆಂದು ಮಲಪ್ರಭೆ, ಘಟಪ್ರಭೆ, ಕೃಷ್ಣೆಗಳಿಗೆ ಹರಿಗೋಲುಗಳನ್ನು ಕಟ್ಟಿಸಿದ. ಅವುಗಳ ಅಳತೆ, ಚರ್ಮದ ಹೊದಿಕೆಗಳ ಬಗ್ಗೆ ಲಿಖಿತ ಸೂಚನೆಯನ್ನೇ ಕೊಟ್ಟಿದ್ದ. ಹೊಳೆ ಬರುತ್ತದೆಂದು ಮೊದಲೇ ತಿಳಿದು, ಬರುವ ಮೊದಲೇ ದಾಟುವ ಸಾಧನವನ್ನು ಸಿದ್ಧವಾಗಿಡುವುದು ಇನ್ನೂರು ವರ್ಷಗಳ ಹಿಂದೆಯೇ ಆಡಳಿತಕ್ಕೆ ಸಾಧ್ಯವಾಗಿತ್ತು. ಅದು ದಂಡಿನ ಸಲುವಾಗಿ ಎಂಬುದಷ್ಟೇ ಮಾತು.

ಆಮೇಲೆ ದಾರಿಗಳು ಬೇರೆಯಾದವು. 1871ರಲ್ಲಿ ಮುಂಬಯಿ ಮತ್ತು ಮದ್ರಾಸ್ ಕಡೆಯ ರೈಲುಮಾರ್ಗಗಳು ರಾಯಚೂರಿನಲ್ಲಿ ಕೂಡಿದಾಗ ಯಾದಗಿರಿ ಆ ಹಾದಿಯ ಒಂದು ನಿಲ್ದಾಣವಾಯಿತು, ರೈಲು ಸೇತುವೆಯ ಮೇಲೆ ಕೃಷ್ಣೆಯನ್ನು ದಾಟಿತು. ಮುಂದೆ ರಸ್ತೆಯ ಸೇತುವೆಗಳೂ ಬಂದವು. ದೊಡ್ಡ ಊರುಗಳ ವ್ಯಾಪಾರಕ್ಕೆ ಹರಿಗೋಲು ಬೇಡವಾಯಿತು. ಸೇತುವೆ ಬಾರದ ಗಡ್ಡಿಗಳಿಗೆ ಮಾತ್ರ ಅದೇ ಉಳಿಯಿತು. ಉಳಿದದ್ದು ಹಳೆಯ ಹರಿಗೋಲಾದರೂ ಹೊಳೆ ಹಳೆಯದಾಗಿ ಉಳಿಯಲಿಲ್ಲ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದ ಕೃಷ್ಣಾ ಮೇಲ್ದಂಡೆ ಯೋಜನೆಯ ನಾರಾಯಣಪುರ ಅಣೆಕಟ್ಟು, ಅಂದರೆ ಬಸವಸಾಗರ, 1982ರಲ್ಲಿ ಮುಗಿಯಿತು. ಅದಕ್ಕೆ 30 ಗೇಟುಗಳು. ಮೇಲೆ ಆಲಮಟ್ಟಿ ಎದ್ದಿತು. ಕಾಲುವೆಗಳು ಶಹಾಪುರ, ಸುರಪುರದ ಹೊಲಗಳಿಗೆ ನೀರು ತಂದವು. ಆ ಉಪಕಾರವನ್ನು ಅಲ್ಲಗಳೆಯುವುದು ಅನ್ಯಾಯ. ಆದರೆ ಅಣೆಕಟ್ಟಿನ ಕೆಳಗೆ, ಹೊಳೆಯ ನಡುವೆ ಇರುವವರಿಗೆ ನೀರು ಯಾವಾಗ ಏರುತ್ತದೆ ಎಂಬುದು ಈಗ ಆಕಾಶ ನೋಡಿ ತಿಳಿಯುವ ಸಂಗತಿಯಲ್ಲ, ಗೇಟು ಎತ್ತುವವರ ತೀರ್ಮಾನ.

ಅಣೆಕಟ್ಟು ಇಲ್ಲದಾಗಲೂ ಹೊಳೆ ಬರುತ್ತಿರಲಿಲ್ಲವೇ ಎಂದು ಕೇಳುವವರಿದ್ದಾರೆ. ಬರುತ್ತಿತ್ತು. ಮಹಾಬಳೇಶ್ವರದ ಕಡೆ ಮಳೆ ಸುರಿದರೆ ಇಲ್ಲಿ ಬಿಸಿಲಿರುವಾಗಲೇ ಕೃಷ್ಣೆ ಉಕ್ಕುತ್ತಿದ್ದಳು. ಜಲಾಶಯಗಳು ಕೆಲವು ನೆರೆಗಳ ಉಬ್ಬರವನ್ನು ತಗ್ಗಿಸಿಯೂ ಇರಬಹುದು. ನನ್ನ ವಾದ ನೀರಿನ ಪ್ರಮಾಣದ ಮೇಲೆ ನಿಂತಿಲ್ಲ. ನೂರಾರು ಕಿಲೋಮೀಟರ್ ಹರಿದು, ಹಂತಹಂತವಾಗಿ ಏರುವ ನೀರನ್ನು ಓದಲು ತಲೆಮಾರುಗಳ ಅನುಭವ ಸಾಕಾಗುತ್ತಿತ್ತು. ಹಿಟ್ಟು, ಉಪ್ಪು, ಮೇವು ಕೂಡಿಡಲು, ಬಸುರಿಯನ್ನು ದಡಕ್ಕೆ ಕಳಿಸಲು ಸಮಯವಿತ್ತು. ಗೇಟು ಎತ್ತಿದ ನೀರು ಗಂಟೆಗಳಲ್ಲಿ ಬಂದು ನಿಲ್ಲುತ್ತದೆ. 2019ರ ಆಗಸ್ಟಿನಲ್ಲಿ ನಾರಾಯಣಪುರದಿಂದ ಬಿಟ್ಟ ನೀರು 5 ಲಕ್ಷ ಕ್ಯುಸೆಕ್ ದಾಟಿತ್ತು. ಇಂಥ ನೀರಿನ ಮುಂದೆ ಅಂಬಿಗನ ಹಳೆಯ ತಿಳಿವಳಿಕೆ ನಡೆಯದು.

ಹರಿಗೋಲೇ ಅಪಾಯ, ನಿಷೇಧಿಸುವುದೇ ಸರಿ ಎಂಬುದು ಇನ್ನೊಂದು ಆಕ್ಷೇಪ. ಇದರಲ್ಲಿ ಸತ್ಯವಿದೆ. 2020ರ ಆಗಸ್ಟಿನಲ್ಲಿ ರಾಯಚೂರು ಜಿಲ್ಲೆಯ ಕುರ್ವಕಲಾ ನಡುಗಡ್ಡೆಗೆ ಹೊರಟಿದ್ದ ಹರಿಗೋಲು ಮಗುಚಿ ಜೀವಗಳು ಹೋದವು. ತುಂಬಿದ ಹೊಳೆಯಲ್ಲಿ ಹರಿಗೋಲು ಬಿಡಬೇಡಿ ಎನ್ನುವ ಅಧಿಕಾರಿಯ ಕಾಳಜಿಯನ್ನು ಹಗುರವಾಗಿ ಕಾಣಲಾರೆ. ಆದರೆ ಬದಲಿ ಸಾಧನವಿಲ್ಲದ ನಿಷೇಧ ದಾಟುವ ಅಗತ್ಯವನ್ನು ತೆಗೆದುಹಾಕುವುದಿಲ್ಲ. 2014ರಲ್ಲಿ ನೀಲಕಂಠರಾಯನಗಡ್ಡಿಯ ತುಂಬು ಗರ್ಭಿಣಿಯೊಬ್ಬರು ಒಣ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ಮನೆಯವರ ಆಸರೆಯಲ್ಲಿ, ಉಕ್ಕುವ ಕೃಷ್ಣೆಯನ್ನು ಈಜಿ ದಾಟಿದರು. ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕೆಂಬುದು ಅವರ ಹಟವಾಗಿತ್ತು. ಜಗತ್ತಿನ ಪತ್ರಿಕೆಗಳು ಆ ಧೈರ್ಯವನ್ನು ಕೊಂಡಾಡಿದವು. ನನಗೆ ಅದರಲ್ಲಿ ಕಾಣುವುದು ಬೇರೆ: ಪಾಯಸ್ ಕಂಡ ಚರ್ಮದ ದೋಣಿಗಿಂತಲೂ ಹಿಂದಿನ ಸಾಧನಕ್ಕೆ, ಸೋರೆಬುರುಡೆಗೆ, ಇಪ್ಪತ್ತೊಂದನೆಯ ಶತಮಾನದ ಒಬ್ಬ ತಾಯಿ ಕೈಚಾಚಬೇಕಾಯಿತು.

ಹಾಗಾದರೆ ಅಲ್ಲಿನ ಜನ ಗಡ್ಡಿ ಬಿಟ್ಟು ದಡಕ್ಕೆ ಬರಬಾರದೇ? ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಪ್ರಶ್ನೆ ಇದು, ಮೊಂಡುತನವೆಂಬ ಬೈಗುಳವೂ ಇದರ ಜೊತೆಗೇ ಬರುತ್ತದೆ. ಗಡ್ಡಿಯಲ್ಲಿರುವುದು ಮನೆಯೊಂದೇ ಅಲ್ಲ, ಹೊಲವೂ ಅಲ್ಲೇ ಇದೆ. ಹೊಳೆ ಬರುವ ಜುಲೈ, ಆಗಸ್ಟುಗಳೇ ಮುಂಗಾರಿನ ಪೈರು ಬೆಳೆಯುವ ತಿಂಗಳು. ದಡದಲ್ಲಿ ಸೂರು ಕೊಟ್ಟರೆ ಮಲಗಲು ಜಾಗವಾಯಿತು, ಕಳೆ ತೆಗೆಯಲು, ದನಕ್ಕೆ ಮೇವು ಹಾಕಲು ಮತ್ತೆ ಅದೇ ಹೊಳೆ ದಾಟಬೇಕು. ಭೂಮಿಗೆ ಭೂಮಿ ಸಿಗುವವರೆಗೆ ಗಡ್ಡಿಯಲ್ಲೇ ಉಳಿಯುವುದು ಒಕ್ಕಲಿನ ಮನೆ ಮಾಡುವ ನೇರ ಲೆಕ್ಕ. ಗೇಟು ಎತ್ತುವ ದಿನ ತೀರ್ಮಾನವಾಗುವುದು ಕಚೇರಿಯಲ್ಲಿ. ಆ ತೀರ್ಮಾನದ ಹಾಳೆಯಲ್ಲಿ ಎಷ್ಟು ಕ್ಯುಸೆಕ್ ಎಂಬುದರ ಜೊತೆಗೆ ಗಡ್ಡಿಯಲ್ಲಿ ತಿಂಗಳು ತುಂಬಿದವರು ಎಷ್ಟು ಮಂದಿ, ಮೋಟಾರು ದೋಣಿ ಯಾವ ದಡದಲ್ಲಿ ನಿಂತಿದೆ, ದಾದಿ ಯಾವಾಗ ದಾಟಿ ಹೋದರು ಎಂಬುದನ್ನೂ ಬರೆಯುವುದಕ್ಕೆ ಹೊಸ ಅಣೆಕಟ್ಟೇನೂ ಬೇಕಾಗಿಲ್ಲ.