ಸಾವಿನ ಸುದ್ದಿ ಹೊತ್ತವರ ನೆಟ್‌ವರ್ಕ್



"ಫೇಸ್‌ಬುಕ್ಕು, ವಾಟ್ಸಾಪು ಬಂದು ಮನುಷ್ಯ ಸಂಬಂಧಾನೇ ಹಾಳಾಯ್ತು" ಅನ್ನೋ ಭಾಷಣ ಆಗಾಗ ಕೇಳ್ತಿರ್ತೀವಿ. ಯಾರ ಸಂಬಂಧ ಸ್ವಾಮಿ? ಬಾವಿಕಟ್ಟೆ, ಗುಡಿ ಜಗುಲಿ, ಹೋಟೆಲ್ ಬೆಂಚು. ಊರಿನವರು ದಿನಾ ಕೂತು ಕಷ್ಟಸುಖ ಮಾತಾಡ್ತಿದ್ದ ಈ ಜಾಗಗಳಿಗೆ ನಮ್ಮನ್ನು ಸೇರಿಸ್ತಾನೇ ಇರಲಿಲ್ಲ.

ಆದರೆ ಊರಿನ ಸುದ್ದಿ ಹೊರೋರು ಮಾತ್ರ ನಾವೇ. ತಮಟೆ ಬಡಿದು ಡಂಗುರ ಸಾರಬೇಕು. ಮೇಲ್ಜಾತಿ ಮನೇಲಿ ಸಾವಾದರೆ ಬಿಸಿಲು ಮಳೆ ಅನ್ನದೆ ನಡೆದುಹೋಗಿ ಅವರ ನೆಂಟರಿಗೆ ತಿಳಿಸಬೇಕು. ನಮ್ಮಲ್ಲಿ ಇದು ಬಿಟ್ಟಿಚಾಕರಿ. ಮಹಾರಾಷ್ಟ್ರದಲ್ಲಿ ಮಹಾರ್ ವತನದ ಹೆಸರಲ್ಲಿ ಕಟ್ಟಿಹಾಕಿದ ಚಾಕರಿ. ಎಲ್ಲರ ಸುದ್ದಿ ಮುಟ್ಟಿಸಿದವರಿಗೆ ತಮ್ಮ ಸುದ್ದಿ ಹೇಳಿಕೊಳ್ಳೋಕೆ ದಾರಿ ಇರಲಿಲ್ಲ.

ಆ ದಾರಿ ತೆರೆಯೋಕೆ ಬಾಬಾಸಾಹೇಬರು 1920ರ ಜನವರಿ 31ರಂದು 'ಮೂಕನಾಯಕ' ಪತ್ರಿಕೆ ಶುರು ಮಾಡಿದರು. ಶಾಹು ಮಹಾರಾಜರು 2,500 ರೂಪಾಯಿ ಕೊಟ್ಟರು. ತಿಲಕರ 'ಕೇಸರಿ', ದುಡ್ಡು ಕೊಡ್ತೀವಿ ಅಂದ್ರೂ ಅದರ ಜಾಹೀರಾತು ಹಾಕಲಿಲ್ಲ! 70ರ ದಶಕದಲ್ಲಿ ಕರ್ನಾಟಕದ ದಲಿತ ಚಳವಳಿಗೆ 'ಪಂಚಮ' ಪತ್ರಿಕೆ, ಹೋರಾಟದ ಹಾಡು, ಹಾಸ್ಟೆಲ್ ಹುಡುಗರ ಓಡಾಟ ಇವೇ ನೆಟ್‌ವರ್ಕ್.

ನಮ್ಮದೇ ದಾರಿ ಯಾಕೆ ಬೇಕು ಅನ್ನೋದಕ್ಕೆ ಖೈರ್ಲಾಂಜಿ ಸಾಕ್ಷಿ. 2006ರ ಸೆಪ್ಟೆಂಬರ್ 29ರಂದು ಒಂದೇ ಕುಟುಂಬದ ನಾಲ್ವರನ್ನು ಕೊಂದರು. ದೊಡ್ಡ ಪತ್ರಿಕೆ, ಟೀವಿಗಳು ಕಣ್ಣು ಬಿಡೋಕೆ ಹೆಚ್ಚುಕಡಿಮೆ ಒಂದು ತಿಂಗಳು ಬೇಕಾಯ್ತು. ಅಷ್ಟರಲ್ಲಿ ನಮ್ಮವರ ಇಮೇಲ್, ಬ್ಲಾಗುಗಳೇ ಆ ಸುದ್ದಿ ಹೊತ್ತು ತಿರುಗಿದವು.

ಹತ್ತು ವರ್ಷ ಆದಮೇಲೆ, 2016ರ ಜುಲೈ, ಗುಜರಾತಿನ ಊನಾ. ಸತ್ತ ಹಸುವಿನ ಚರ್ಮ ಸುಲಿಯುತ್ತಿದ್ದವರನ್ನು ಕಟ್ಟಿ ಹೊಡೆದರು. ಹೆದರಿಸೋಕೆ ಅಂತ ಹೊಡೆದವರೇ ವಿಡಿಯೋ ಹರಿಬಿಟ್ಟರು. ಅದೇ ವಿಡಿಯೋ ಕೇರಿಯಿಂದ ಕೇರಿಗೆ ಹೋಗಿ ಜನರನ್ನು ಬೀದಿಗೆ ತಂತು. ಸುರೇಂದ್ರನಗರದಲ್ಲಿ ಸತ್ತ ದನಗಳನ್ನು ತಂದು ಕಲೆಕ್ಟರ್ ಕಚೇರಿ ಮುಂದೆ ಸುರಿದರು. ನಿಮ್ಮ ತಾಯಿ, ನೀವೇ ಮಣ್ಣು ಮಾಡಿ ಅನ್ನೋದೇ ಅದರ ಅರ್ಥ.

ಇಷ್ಟಾದರೂ ಒಂದು ಮಾತು ಕೊರೀತಾನೇ ಇದೆ. ರೋಹಿತ್ ವೇಮುಲ ಬದುಕಿದ್ದಾಗಲೇ ಫೇಸ್‌ಬುಕ್ಕಲ್ಲಿ ಬರೀತಿದ್ದರು. ಆ ಬರಹಗಳು ಆಮೇಲೆ ಪುಸ್ತಕವಾಗಿಯೂ ಬಂದವು. ದೇಶದ ಬಹುಪಾಲು ಜನಕ್ಕೆ ಆ ಹೆಸರು ಗೊತ್ತಾಗಿದ್ದು ಮಾತ್ರ 2016ರ ಜನವರಿ 17ರಂದು ಅವರು ಇಲ್ಲವಾದ ಮೇಲೆ. ತಮಟೆ ಹೋಗಿ ಫೋನ್ ಬಂತು, ಈಗಲೂ ನಮ್ಮ ಕೈಲಿರೋದು ಹೆಚ್ಚಾಗಿ ಸಾವಿನ ಸುದ್ದಿಯೇ. ವ್ಯತ್ಯಾಸ ಇಷ್ಟೇ, ಈಗ ನಮ್ಮವರದೇ ಸಾವು.

ದೌರ್ಜನ್ಯದ ಸುದ್ದಿ ಹಂಚಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನುಷ್ಯರು ದಿನನಿತ್ಯ ಬದುಕೋದು ಸಣ್ಣ ಸಣ್ಣ ಮಾತುಗಳಲ್ಲಿ. ಸ್ಕಾಲರ್‌ಶಿಪ್ ಅರ್ಜಿಗೆ ಕೊನೆ ದಿನ ಯಾವಾಗ, ಹೊಸ ಊರಲ್ಲಿ ಜಾತಿ ಕೇಳದೆ ಬಾಡಿಗೆಗೆ ಮನೆ ಕೊಡೋರು ಯಾರು, ಇಂಟರ್‌ವ್ಯೂ ಹೆಂಗಾಯ್ತು. ಬಾವಿಕಟ್ಟೆ ಮೇಲೆ ನಮಗೆ ಸಿಗದೇ ಹೋದದ್ದು ಇದೇ ಮಾತುಕತೆ.

ದೂರದ ಯೂನಿವರ್ಸಿಟಿಲಿ ಒಂಟಿಯಾಗಿ ಕೂತಿರೋ ತಮ್ಮನೋ ತಂಗಿಯೋ ನಿಮ್ಮ ಫ್ರೆಂಡ್‌ಲಿಸ್ಟಲ್ಲೇ ಇರಬಹುದು. ಈ ಪೋಸ್ಟ್ ಶೇರ್ ಮಾಡೋಕೆ ಮುಂಚೆ ಅವರಿಗೊಂದು ಮೆಸೇಜ್ ಹಾಕಿ. "ಉಂಡ್ಯಾ?" ಅಂತ ಕೇಳಿ.

ಜೈಭೀಮ್.