ಪಹಣಿ ಪುಸ್ತಕದಿಂದ ಜಾಲತಾಣಕ್ಕೆ

ಕಳೆದ ವಾರ ನೆರೆಯ ರೈತರೊಬ್ಬರು ಮೊಬೈಲ್ ಹಿಡಿದು ಬಂದು, "ಮೇಷ್ಟ್ರೇ, ನನ್ನ ಪಹಣಿ ಇದರೊಳಗೇ ಇದೆಯಾ?" ಎಂದು ಕೇಳಿದರು. ಇಲ್ಲ, ಅಲ್ಲಿಗೆ ಬರುವುದು ನಕಲು ಮಾತ್ರ ಎಂದೆ.

ಗೌನಿಪಲ್ಲಿಯಂತಹ ಊರುಗಳಲ್ಲಿ ಜಮೀನಿನ ಲೆಕ್ಕ ಹಿಂದೆ ಶಾನುಭೋಗರ ಮನೆಯಲ್ಲಿರುತ್ತಿತ್ತು. 1963ರಲ್ಲಿ ವಂಶಪಾರಂಪರ್ಯದ ಗ್ರಾಮಾಧಿಕಾರ ಕೊನೆಗೊಂಡು ಅದು ಗ್ರಾಮಲೆಕ್ಕಿಗರ ಕೈಗೆ ಬಂದಿತು. ಪುಸ್ತಕ ಹಿಡಿದವರು ಸಿಕ್ಕ ದಿನವೇ ರೈತನಿಗೆ ಪಹಣಿ. 2000ದ ಸುಮಾರಿಗೆ 'ಭೂಮಿ' ಯೋಜನೆಯು ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಕ್ಕೇರಿಸಿತು. ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಮುದ್ರಿತ ಪ್ರತಿ ದೊರೆಯತೊಡಗಿತು. ಅನಂತರ ಅದೇ ದಾಖಲೆ ಜಾಲತಾಣಕ್ಕೂ ಬಂದಿತು.

1991ರಲ್ಲಿ ಟಿಮ್ ಬರ್ನರ್ಸ್-ಲೀ ಅವರು ಜಗತ್ತಿನ ಮುಂದಿಟ್ಟ ಜಾಲತಾಣದ ಕ್ರಮ ಸರಳವಾದುದು. ವಿಳಾಸ ಬರೆದೊಡನೆ ನಮ್ಮ ಕೋರಿಕೆ ಸರ್ವರ್ ಎಂಬ ದೂರದ ಗಣಕವನ್ನು ತಲುಪುತ್ತದೆ. ಹೋಬಳಿ, ಗ್ರಾಮ, ಸರ್ವೆ ನಂಬರನ್ನು ತಿಳಿಸಿದರೆ ಅದು ದಾಖಲೆಗಳಲ್ಲಿ ಹುಡುಕಿ, ಆಗಿಂದಾಗಲೇ ಪುಟವೊಂದನ್ನು ಸಿದ್ಧಪಡಿಸಿ ಕಳುಹಿಸುತ್ತದೆ.

ನೆರೆಯವರ ಪುಟ ತೆರೆಯಿತು. ಅದರಲ್ಲಿದ್ದುದು ಹದಿನೈದು ವರ್ಷಗಳ ಹಿಂದೆ ತೀರಿಕೊಂಡ ಅವರ ತಂದೆಯ ಹೆಸರು! ಪೌತಿ ಖಾತೆಗೆ ಮನೆಯವರಾರೂ ಅರ್ಜಿ ಕೊಟ್ಟಿರಲಿಲ್ಲ. ದಾಖಲೆಯಲ್ಲಿ ಬರೆದುದನ್ನಷ್ಟೇ ಜಾಲತಾಣ ತೋರಿಸಬಲ್ಲದು.

ವಿದ್ಯಾರ್ಥಿಮಿತ್ರರೇ, ದೂರದೂರುಗಳಲ್ಲಿರುವ ನೀವೂ ನಿಮ್ಮ ಜಮೀನಿನ ಸರ್ವೆ ನಂಬರ್ ಹಾಕಿ ಒಮ್ಮೆ ನೋಡಿರಿ. ವಂಶವೃಕ್ಷ ಬಲ್ಲ ಹಿರಿಯರು ಊರಿನಲ್ಲಿ ಇನ್ನೂ ಇರುವಾಗಲೇ ಖಾತೆಯನ್ನು ಸರಿಪಡಿಸಿಕೊಳ್ಳಿರಿ.