ಉತ್ತರ ಕರ್ನಾಟಕದ ಕೌದಿ: ಹೊಲಿಗೆ, ಹಂಚಿಕೆ ಮತ್ತು ದಾಖಲೆ

ಕರ್ನಾಟಕದ ವಸ್ತ್ರೋದ್ಯಮದ ಇತಿಹಾಸವನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ನೇಯ್ಗೆಯನ್ನೇ ಕೇಂದ್ರವಾಗಿರಿಸಿಕೊಂಡಿವೆ. ಇದಕ್ಕೆ ಆಕರಗಳ ಸ್ವರೂಪವೇ ಕಾರಣ. ನೇಕಾರರು, ಅವರ ಸಂಘಗಳು, ಮಗ್ಗದ ಮೇಲೆ ವಿಧಿಸಿದ ತೆರಿಗೆ ಇವುಗಳ ಉಲ್ಲೇಖ ಶಾಸನಗಳಲ್ಲಿ ದೊರೆಯುತ್ತದೆ. ಹಳೆಯ ಬಟ್ಟೆಯನ್ನು ಸೂಜಿ ದಾರಗಳಿಂದ ಮತ್ತೆ ಉಪಯೋಗಕ್ಕೆ ತಂದ ಮಹಿಳೆಯರ ದುಡಿಮೆಯಾದರೋ ಮನೆಯೊಳಗೆ ನಡೆದುದು. ಅದು ಮಾರುಕಟ್ಟೆಗೆ ಬರಲಿಲ್ಲ, ತೆರಿಗೆಗೆ ಒಳಪಡಲಿಲ್ಲ, ಆದ್ದರಿಂದ ದಾಖಲೆಗೂ ಒಳಪಡಲಿಲ್ಲ. ಇಂತಹ ದುಡಿಮೆಯ ಫಲಗಳಲ್ಲಿ ಉತ್ತರ ಕರ್ನಾಟಕದ ಕೌದಿ ಪ್ರಮುಖವಾದುದು. ಕೌದಿಯ ಹೊಲಿಗೆಯ ಕ್ರಮ, ಹೊಲಿದು ಮುಗಿದ ಕೌದಿಯು ಸಮುದಾಯದಲ್ಲಿ ಹಂಚಿಕೆಯಾದ ಬಗೆ ಹಾಗೂ ಇತ್ತೀಚಿನ ದಶಕಗಳಲ್ಲಿ ಆ ಹಂಚಿಕೆಯಲ್ಲಿ ಉಂಟಾದ ಬದಲಾವಣೆ ಇವುಗಳನ್ನು ವಿವೇಚಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ.

ಹೆಸರು ಮತ್ತು ಹಿನ್ನೆಲೆ

ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನಿಟ್ಟು ಹೊಲಿದ ಹಾಸು ಅಥವಾ ಹೊದಿಕೆಯೇ ಕೌದಿ. ಧಾರವಾಡ, ಬೆಳಗಾವಿ, ಬಾಗಲಕೋಟೆ, ವಿಜಯಪುರ, ಗದಗ ಮೊದಲಾದ ಜಿಲ್ಲೆಗಳಲ್ಲಿ ಇದು ಮನೆಮಾತಾಗಿದೆ. ಇದೇ ಬಗೆಯ ಹೊದಿಕೆಯನ್ನು ಮರಾಠಿ ಪ್ರದೇಶದಲ್ಲಿ ಗೋಧಡಿ, ವಾಕಳ ಎಂದು ಕರೆಯುತ್ತಾರೆ. ಕನ್ನಡದಲ್ಲಿ ಬೊಂತೆ ಎಂಬ ಇನ್ನೊಂದು ಪದವೂ ಬಳಕೆಯಲ್ಲಿದ್ದು, 1894ರಲ್ಲಿ ಮಂಗಳೂರಿನಲ್ಲಿ ಮುದ್ರಣಗೊಂಡ ಕಿಟೆಲ್ ಅವರ ನಿಘಂಟಿನಲ್ಲಿ ಅದು ಸೇರಿದೆ. ಸಂಸ್ಕೃತದ ಕಂಥಾ ಶಬ್ದ ಬಂಗಾಳದಲ್ಲಿ ಹೊಲಿಗೆಯ ಕಲೆಯೊಂದರ ಹೆಸರಾಗಿ ಉಳಿದರೆ, ಕನ್ನಡದಲ್ಲಿ ಕಂಥೆ ಎಂಬುದು ವಿರಕ್ತರು ತೊಡುವ ತೇಪೆಯ ಬಟ್ಟೆಯನ್ನು ಸೂಚಿಸಿತು. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರನಿದ್ದುದು ಹೊಲಿಗೆಗೆ ಕಾಯಕದ ಮನ್ನಣೆಯಿದ್ದುದನ್ನು ತೋರಿಸುತ್ತದೆ. ಆದರೆ ಆ ಮನ್ನಣೆ ವೃತ್ತಿಯಾಗಿ ನಡೆದ ಹೊಲಿಗೆಗೆ ಸಂದುದು. ಮನೆಯ ಹೊಲಿಗೆಗೆ ಅಂತಹ ಹೆಸರು ಸಲ್ಲಲಿಲ್ಲ.

ಹೊದಿಕೆಯ ವಿಷಯದಲ್ಲಿ ಪ್ರಾದೇಶಿಕ ವ್ಯತ್ಯಾಸವನ್ನೂ ಗಮನಿಸಬೇಕು. ಹಾಸನ ಜಿಲ್ಲೆಯ ಅರಕಲಗೂಡು, ಕೊಣನೂರು, ಹೊಳೆನರಸೀಪುರ ಪ್ರದೇಶಗಳನ್ನೊಳಗೊಂಡ ಹಳೆಯ ಮೈಸೂರು ಸೀಮೆಯಲ್ಲಿ ಮಳೆ ಚಳಿಗಳಿಗೆ ಕುರುಬರು ನೇಯ್ದ ಕಂಬಳಿ ಪ್ರಧಾನವಾದ ಹೊದಿಕೆಯಾಗಿತ್ತು. ಅಲ್ಲಿ ಹಳೆಯ ಸೀರೆ ಪಂಚೆಗಳನ್ನು ಮಡಿಸಿ ಹೊಲಿದ ಹಾಸು ಹೆಚ್ಚಾಗಿ ಎಳೆಯ ಮಕ್ಕಳ ಹಾಸಿಗೆಯ ಮಟ್ಟಿಗೆ ಉಳಿಯಿತು. ಕಂಬಳಿ ಉತ್ತರದಲ್ಲಿಯೂ ಉಂಟು. ಆದರೆ ಹತ್ತಿ ಬೆಳೆಯುವ ಎರೆಭೂಮಿಯ ಬಯಲುಸೀಮೆಯಲ್ಲಿ ಸವೆದ ಹತ್ತಿಬಟ್ಟೆ ಪ್ರತಿ ಮನೆಯಲ್ಲಿಯೂ ದೊರೆಯುತ್ತಿದ್ದುದರಿಂದ ಕೌದಿಗೆ ಅಲ್ಲಿ ವ್ಯಾಪಕವಾದ ನೆಲೆ ಒದಗಿತು ಎನ್ನಬಹುದು.

ಹೊಲಿಗೆಯ ಕ್ರಮ

ಕೌದಿಗೆ ಬೇಕಾದ ಸಾಮಗ್ರಿ ಸರಳವಾದುದು. ತಳಕ್ಕೆ ಹಳೆಯ ಸೀರೆ ಅಥವಾ ಧೋತರ, ನಡುವೆ ಹರಿದ ಬಟ್ಟೆಗಳ ಪದರಗಳು, ಮೇಲೆ ಇಳಕಲ್ ಸೀರೆಯ ಸೆರಗು, ಕುಬಸದ ಖಣ, ಮಕ್ಕಳ ಅಂಗಿ ಮುಂತಾದವುಗಳ ತುಂಡುಗಳು. ಇವೆಲ್ಲವನ್ನೂ ಒಂದುಗೂಡಿಸುವುದು ಸಾಲುಸಾಲಾಗಿ ಸಾಗುವ ಎಳೆಹೊಲಿಗೆ. ಧಾರವಾಡ ಪ್ರದೇಶದ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಎಂಬ ನಾಲ್ಕು ಬಗೆಯ ಹೊಲಿಗೆಗಳಿದ್ದು, ಬಟ್ಟೆಯ ಎಳೆಗಳನ್ನು ಎಣಿಸಿ ಹೊಲಿಯಬೇಕಾಗುತ್ತದೆ. ಕೌದಿಗೆ ಅಂತಹ ಎಣಿಕೆ ಇಲ್ಲ. ಅದರ ಕೌಶಲವಿರುವುದು ಬಣ್ಣಗಳ ಹೊಂದಾಣಿಕೆಯಲ್ಲಿ, ತುಂಡುಗಳನ್ನು ವ್ಯರ್ಥಮಾಡದೆ ಕೂಡಿಸುವುದರಲ್ಲಿ ಮತ್ತು ಪದರಗಳು ಜಾರದಂತೆ ಹೊಲಿಗೆಯನ್ನು ಒಂದೇ ಬಿಗಿಯಲ್ಲಿ ನಡೆಸುವುದರಲ್ಲಿ.

ಹೊಲಿಯುವವರಲ್ಲಿ ಎರಡು ವರ್ಗಗಳನ್ನು ಗುರುತಿಸಬಹುದು. ಮೊದಲನೆಯವರು ಮನೆಯ ಹಿರಿಯ ಹೆಣ್ಣುಮಕ್ಕಳು. ಸುಗ್ಗಿ ಮುಗಿದ ಬಿಡುವಿನಲ್ಲಿ ನೆರೆಯವರೊಡನೆ ಕೂಡಿ ಹೊಲಿಯುವವರು. ಎರಡನೆಯವರು ಗೊಂದಲಿಗ ಮೊದಲಾದ ಅಲೆಮಾರಿ ಸಮುದಾಯಗಳ ಮಹಿಳೆಯರು. ಇವರು ಊರೂರು ತಿರುಗಿ, ಮನೆಯವರು ಕೊಟ್ಟ ಹಳೆಯ ಬಟ್ಟೆಗಳಿಂದ ಕಟ್ಟೆಯ ಮೇಲೋ ಗುಡಿಯ ಅಂಗಳದಲ್ಲೋ ಕುಳಿತು ಕೌದಿ ಹೊಲಿದುಕೊಟ್ಟು ಕೂಲಿ ಪಡೆಯುತ್ತಾರೆ. ಒಂದು ಊರಿನಲ್ಲಿ ಕಂಡ ಜೋಡಣೆಯನ್ನು ಇನ್ನೊಂದು ಊರಿಗೆ ಕೊಂಡೊಯ್ದವರಲ್ಲಿ ಇವರ ಪಾತ್ರ ಮುಖ್ಯವಾದುದು.

ಮುಗಿದ ಕೌದಿಯೇ ಮಾದರಿ

ಯುರೋಪಿನ ಹೊಲಿಗೆ ಸಂಪ್ರದಾಯದಲ್ಲಿ ಹಲವು ಬಗೆಯ ಹೊಲಿಗೆಗಳನ್ನು ಒಂದೇ ಬಟ್ಟೆಯ ಮೇಲೆ ಕಲಿತು ಕಾದಿಡುವ ಮಾದರಿಬಟ್ಟೆಯ ಪದ್ಧತಿ ಇತ್ತು. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂದ ಅನಂತರ ಅದರ ಹೆಣ್ಣುಮಕ್ಕಳ ಶಾಲೆಗಳಲ್ಲಿ ಹೊಲಿಗೆಯೂ ಒಂದು ಪಾಠವಾಯಿತು. ಶಾಲೆಯ ಹೊಲಿಗೆಗೆ ಪಾಠಕ್ರಮವಿತ್ತು. ಕೌದಿಗೆ ಅಂತಹ ಪ್ರತ್ಯೇಕವಾದ ಕಲಿಕೆಯ ಬಟ್ಟೆ ಇರಲಿಲ್ಲ. ಒಬ್ಬಳು ಹೊಲಿದು ಮುಗಿಸಿದ ಕೌದಿಯೇ ಇನ್ನೊಬ್ಬಳಿಗೆ ಮಾದರಿಯಾಗುತ್ತಿತ್ತು. ಆದ್ದರಿಂದ ಮುಗಿದ ಕೌದಿಯನ್ನು ಇತರರು ನೋಡುವ ಸಂದರ್ಭಗಳೇ ಈ ಕಲೆಯ ಪಾಠಶಾಲೆಗಳಾಗಿದ್ದವು.

ಅಂತಹ ಸಂದರ್ಭಗಳಲ್ಲಿ ಮೂರು ಗಮನಾರ್ಹವಾಗಿವೆ. ಮೊದಲನೆಯದು ಬಾಣಂತನ ಹಾಗೂ ತೊಟ್ಟಿಲ ಕಾರ್ಯ. ಹುಟ್ಟಿದ ಕೂಸಿಗೆ ತವರಿನವರು ಕುಲಾಯಿ, ಕುಂಚಿಗೆಗಳೊಡನೆ ಚಿಕ್ಕ ಕೌದಿಯನ್ನು ಕೊಡುವುದುಂಟು. ನೆರೆದ ಹೆಂಗಳೆಯರು ಅದನ್ನು ಮುಟ್ಟಿ ತಿರುಗಿಸಿ ನೋಡುತ್ತಾರೆ. ಹೀಗೆ ತವರಿನ ಊರಿನ ಜೋಡಣೆ ಗಂಡನ ಊರನ್ನು ಸೇರುತ್ತದೆ. ಎರಡನೆಯದು ಅತಿಥಿ ಸತ್ಕಾರ. ಮಡಿಸಿಟ್ಟ ಒಳ್ಳೆಯ ಕೌದಿ ಬೀಗರು ಬಂದಾಗ ಹೊರಬರುತ್ತದೆ. ಮೂರನೆಯದು ಮಹಾನವಮಿಗೆ ಮೊದಲು ಮನೆಯ ಹಾಸಿಗೆ ಹೊದಿಕೆಗಳನ್ನೆಲ್ಲ ಹಳ್ಳ ಕೆರೆಗಳಿಗೆ ಒಯ್ದು ಒಗೆಯುವ ವಾಡಿಕೆ. ಒಗೆದ ಕೌದಿಗಳನ್ನು ದಂಡೆಯ ಮೇಲೆ ಹರವಿದಾಗ ಮನೆಮನೆಯ ಕೆಲಸ ಒಂದೇ ಕಡೆ ಬಯಲಿಗೆ ಬರುತ್ತದೆ. ಯಾರದು ಯಾರ ಕೈಹೊಲಿಗೆ, ಯಾವ ತುಂಡು ಯಾರ ಸೀರೆಯದು ಎಂಬುದು ಅಲ್ಲಿ ನೆರೆದವರಿಗೆ ತಿಳಿದಿರುತ್ತದೆ. ಹೆಸರು ಬರೆಯುವ ಅಗತ್ಯ ಅಂತಹ ಸಮುದಾಯಕ್ಕೆ ಇರಲಿಲ್ಲ.

ಈ ವ್ಯವಸ್ಥೆಗೆ ಇತಿಹಾಸಕಾರನ ದೃಷ್ಟಿಯಿಂದ ಒಂದು ಪರಿಣಾಮವುಂಟು. ಸವೆದ ಕೌದಿಯನ್ನು ಎಸೆಯುವುದಿಲ್ಲ. ಅದು ಹೊಸ ಕೌದಿಯ ಒಳಪದರವಾಗುತ್ತದೆ. ಹೀಗಾಗಿ ಹಳೆಯದು ಹೊಸದರೊಳಗೆ ಮರೆಯಾಗುತ್ತಾ ಹೋಗುವುದರಿಂದ ಬಹು ಪ್ರಾಚೀನ ಕೌದಿಗಳು ಉಳಿಯುವ ಸಂಭವ ಕಡಿಮೆ. ಕೌದಿಯ ಪರಂಪರೆ ವಸ್ತುವಿನಲ್ಲಿ ಉಳಿದುದಕ್ಕಿಂತ ಹೆಚ್ಚಾಗಿ ನೋಡಿದವರ ಕಣ್ಣಿನಲ್ಲಿ ಮತ್ತು ಹೊಲಿದವರ ಕೈಯಲ್ಲಿ ಉಳಿದುಬಂದಿದೆ.

ಸಿದ್ದಿಯರ ಕವಂದ

ಈ ಪರಂಪರೆಯ ಒಂದು ವಿಶಿಷ್ಟ ಶಾಖೆ ಉತ್ತರ ಕನ್ನಡ ಜಿಲ್ಲೆಯ ಸಿದ್ದಿಯರಲ್ಲಿ ಕಂಡುಬರುತ್ತದೆ. ಆಫ್ರಿಕದಿಂದ ಕಡಲ ಮಾರ್ಗವಾಗಿ ತರಲ್ಪಟ್ಟವರ ಸಂತತಿಯವರಾದ ಸಿದ್ದಿಯರು ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ ತಾಲ್ಲೂಕುಗಳ ಕಾಡಂಚಿನಲ್ಲಿ ನೆಲೆಸಿದ್ದಾರೆ. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತದವರಿದ್ದಾರೆ. ಉತ್ತರ ಕನ್ನಡದ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು. 2020ರ ಕಾಯಿದೆಯಿಂದ ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಸಿದ್ದಿಯರಿಗೂ ಆ ಸ್ಥಾನ ದೊರೆಯಿತು.

ಸಿದ್ದಿ ಮಹಿಳೆಯರು ಹೊಲಿಯುವ ಕೌದಿಗೆ ಕವಂದ ಎಂದು ಹೆಸರು. ಹೊಲಿಗೆ ಒಂದು ಮೂಲೆಯಿಂದ ಆರಂಭವಾಗಿ ಅಂಚುಗಳ ಗುಂಟ ಸುತ್ತುತ್ತ ನಡುವಿಗೆ ಬಂದು ಮುಗಿಯುತ್ತದೆ. ನಾಲ್ಕು ಮೂಲೆಗಳಲ್ಲಿ ತ್ರಿಕೋನಾಕಾರವಾಗಿ ಮಡಿಸಿದ ಬಟ್ಟೆಯ ಪದರಗಳನ್ನು ಕೂಡಿಸುತ್ತಾರೆ. ಇದಕ್ಕೆ ಫೂಲ, ಎಂದರೆ ಹೂವು, ಎಂದು ಹೆಸರು. ಫೂಲ ಇಲ್ಲದ ಕವಂದ ಬತ್ತಲೆಯೆಂಬುದು ಹೊಲಿಯುವವರ ಭಾವನೆ. ಕ್ರೈಸ್ತ ಸಿದ್ದಿಯರ ಕವಂದಗಳಲ್ಲಿ ಶಿಲುಬೆ, ಮುಸ್ಲಿಂ ಸಿದ್ದಿಯರವುಗಳಲ್ಲಿ ಅರ್ಧಚಂದ್ರ ಕಾಣಿಸಿಕೊಂಡರೂ ಹೊಲಿಗೆಯ ಕ್ರಮ ಒಂದೇ ಆಗಿದೆ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂವಾಲ್ 2000ರ ದಶಕದಲ್ಲಿ ಈ ಕವಂದಗಳನ್ನು ಅಧ್ಯಯನ ಮಾಡಿದರು. ಸಿದ್ದಿ ಮಹಿಳೆಯರ ಹೊಲಿಗೆಯ ಸಹಕಾರ ಸಂಘವೂ ಆ ಅವಧಿಯಲ್ಲಿಯೇ ರೂಪುಗೊಂಡಿತು. 2011ರಲ್ಲಿ ನ್ಯೂಯಾರ್ಕಿನ ಷಾಂಬರ್ಗ್ ಕೇಂದ್ರದಲ್ಲಿ ಸಿದ್ದಿಯರ ಕವಂದಗಳ ಪ್ರದರ್ಶನ ನಡೆಯಿತು. ತೊಟ್ಟಿಲಿಗೂ ಹಾಸಿಗೆಗೂ ಹೊಲಿದ ಬಟ್ಟೆ ಹೀಗೆ ಪ್ರದರ್ಶನಾಲಯದ ಗೋಡೆಯನ್ನೇರಿತು.

ಹಂಚಿಕೆಯ ಹೊಸ ರೂಪ

ಮುಗಿದ ಕೆಲಸವನ್ನು ಸಮುದಾಯದ ಹೊರಗೆ ತೋರಿಸುವ ಪ್ರವೃತ್ತಿ ಕರ್ನಾಟಕದ ಇತರ ಹೊಲಿಗೆಗಳಲ್ಲಿಯೂ ಬೆಳೆದಿದೆ. ಕಸೂತಿಗೆ 2006ರಲ್ಲಿಯೂ ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿಯೂ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆಯಿತು. 2023ರ ಜುಲೈ ತಿಂಗಳಲ್ಲಿ ಹಂಪಿಯಲ್ಲಿ ನಡೆದ ಜಿ-20 ಸಂಸ್ಕೃತಿ ಸಭೆಯ ಸಂದರ್ಭದಲ್ಲಿ ಲಂಬಾಣಿ ಮಹಿಳೆಯರು ಸಿದ್ಧಪಡಿಸಿದ 1755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು. ಇಂತಹ ಮನ್ನಣೆಗಳಿಂದ ಕೂಲಿ, ಮಾರುಕಟ್ಟೆ, ಗೌರವ ಇವು ಹೆಚ್ಚುವ ಅವಕಾಶವಿರುವುದು ನಿಜ. ಆದರೆ ಮಾನ್ಯತೆ ಪ್ರದೇಶಕ್ಕೆ, ದಾಖಲೆ ಸಂಖ್ಯೆಗೆ ಸಲ್ಲುವಾಗ ಹೊಲಿದ ಕೈ ಹಿಂದೆ ಸರಿಯುವ ಸಂಭವವೂ ಉಂಟು.

ಈ ಸಂದರ್ಭದಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಜೀಸ್ ಬೆಂಡ್ ಎಂಬ ಹಳ್ಳಿಯ ಉದಾಹರಣೆ ಬೋಧಪ್ರದವಾಗಿದೆ. ಗುಲಾಮರ ಸಂತತಿಯವರಾದ ಅಲ್ಲಿನ ಕಪ್ಪು ಮಹಿಳೆಯರು ಹಳೆಯ ಕೆಲಸದ ಬಟ್ಟೆಗಳಿಂದ ಹೊಲಿದ ಹೊದಿಕೆಗಳು 2002ರಲ್ಲಿ ಹ್ಯೂಸ್ಟನ್ ಹಾಗೂ ನ್ಯೂಯಾರ್ಕ್ ನಗರಗಳ ವಸ್ತುಸಂಗ್ರಹಾಲಯಗಳಲ್ಲಿ ಪ್ರದರ್ಶಿತವಾದವು. 2006ರಲ್ಲಿ ಅವುಗಳ ಚಿತ್ರಗಳು ಅಂಚೆಚೀಟಿಗಳಾದವು. ಹೊಲಿದವರ ಹೆಸರುಗಳು ದಾಖಲಾಗಿದ್ದುದರಿಂದಲೇ 2007ರಲ್ಲಿ ಕೆಲವರು ತಮ್ಮ ಕೃತಿಗಳ ಹಕ್ಕು ಮತ್ತು ಆದಾಯದ ಪ್ರಶ್ನೆಯನ್ನು ನ್ಯಾಯಾಲಯದ ಮುಂದಿಡಲು ಸಾಧ್ಯವಾಯಿತು. ಹೆಸರಿಲ್ಲದ ಕೌದಿಯ ಪರವಾಗಿ ಅಂತಹ ಪ್ರಶ್ನೆಯನ್ನು ಎತ್ತುವುದು ಕಷ್ಟ.

ಇನ್ನೊಂದು ಬದಲಾವಣೆ ಸಾಮಗ್ರಿಗೆ ಸಂಬಂಧಿಸಿದುದು. ಹತ್ತಿ ಸೀರೆಯ ಸ್ಥಾನವನ್ನು ಕೃತಕ ನೂಲಿನ ಸೀರೆ ಆಕ್ರಮಿಸಿದಂತೆ ಬೆವರು ಹೀರುವ ಮೆತ್ತನೆಯ ಪದರ ವಿರಳವಾಗುತ್ತಿದೆ. ಸೊಲ್ಲಾಪುರದ ಚಾದರ, ಪಾಣಿಪತ್ತಿನ ರಗ್ಗು ಸಂತೆಯಲ್ಲಿ ಅಗ್ಗವಾಗಿ ದೊರೆಯುತ್ತವೆ. ಮನೆಯಲ್ಲಿ ಕೌದಿಯ ಅಗತ್ಯ ಕಡಿಮೆಯಾದಷ್ಟೂ ಅದು ಅಲಂಕಾರದ ವಸ್ತುವಾಗಿ ನಗರವನ್ನು ಸೇರುತ್ತಿದೆ. ಕೊಳ್ಳುವವರಿಗೆ ಅದರೊಳಗಿನ ಸೀರೆ ಯಾರದೆಂಬುದು ತಿಳಿಯದು. ಕೆರೆಯ ದಂಡೆಯಲ್ಲಿ ಬರವಣಿಗೆಯಿಲ್ಲದೆಯೇ ಉಳಿದಿದ್ದ ಮಾಹಿತಿ ಮಾರಾಟದ ಕ್ಷಣದಲ್ಲಿ ಅಳಿದುಹೋಗುತ್ತದೆ.

ಉಪಸಂಹಾರ

ಒಟ್ಟಾರೆಯಾಗಿ ಹೇಳುವುದಾದರೆ, ಕೌದಿಯು ಹಂಚಿಕೆಯಿಂದಲೇ ಬೆಳೆದ ಕಲೆ. ಹಂಚಿಕೆ ಬಳಗದೊಳಗೆ ನಡೆದಾಗ ಹೊಲಿದವಳ ಹೆಸರು ನೆನಪಿನಲ್ಲಿ ಸುರಕ್ಷಿತವಾಗಿತ್ತು. ಹಂಚಿಕೆ ಬಳಗವನ್ನು ಮೀರಿದಾಗ ಆ ರಕ್ಷಣೆ ತಪ್ಪಿತು. ಆದುದರಿಂದ ವಸ್ತುಸಂಗ್ರಹಾಲಯಗಳು, ವಿಶ್ವವಿದ್ಯಾಲಯಗಳು ಹಾಗೂ ಅಕಾದೆಮಿಗಳು ಕೌದಿಯನ್ನು ಸಂಗ್ರಹಿಸುವಾಗ ಹೊಲಿದವರ ಹೆಸರು, ಊರು, ಹೊಲಿದ ವರ್ಷ, ಬಳಸಿದ ಬಟ್ಟೆಗಳ ಮೂಲ, ಯಾರಿಗಾಗಿ ಹೊಲಿದುದು ಎಂಬ ವಿವರಗಳನ್ನು ಅವರ ಒಪ್ಪಿಗೆಯೊಡನೆ ನಮೂದಿಸಿಕೊಳ್ಳುವುದು ಅವಶ್ಯಕ. ಹಿರಿಯ ಹೊಲಿಗೆಗಾರ್ತಿಯರು ಇರುವಾಗಲೇ ಈ ಕಾರ್ಯ ಆಗಬೇಕು. ಮಗ್ಗದ ಲೆಕ್ಕವನ್ನು ಅರಸರು ಬರೆಸಿದರು. ಸೂಜಿಯ ಲೆಕ್ಕವನ್ನು ಬರೆದಿಡುವ ಹೊಣೆ ಇಂದಿನ ಸಂಶೋಧಕರ ಮೇಲಿದೆ.